ಎಡಗಡೆಯ ಪ್ರಸಾದ

ಒಂಬತ್ತನೆಯ ಪ್ರಶ್ನೆಯ ಮುಂದೆ ರಬ್ಬರಿನಿಂದ ಉಜ್ಜಿದ ಗುರುತು ಇತ್ತು.

ನಾನು ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿ. ಮನೆ ಕಾರವಾರದಲ್ಲಿ, ಕೂರುವ ಜಾಗ ಅಂಕೋಲೆಯ ಆಸ್ಪತ್ರೆಯಲ್ಲಿ, ವಾರದಲ್ಲಿ ಮೂರು ದಿನ ಶಾಲೆಗಳ ತಿರುಗಾಟ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಹಾಳೆಯ ಕಟ್ಟು ಇರುತ್ತದೆ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಕೇಳುವ ಒಂಬತ್ತು ಪ್ರಶ್ನೆಗಳು. ನಿದ್ದೆ, ಹಸಿವು, ಸುಸ್ತು, ಓದಿನಲ್ಲಿ ಗಮನ ಎಂದು ಸಾಗಿ ಕೊನೆಯದು, ಸತ್ತರೆ ಒಳ್ಳೆಯದು ಎಂದು ಅನ್ನಿಸಿದ್ದುಂಟೇ ಎಂದು ಕೇಳುತ್ತದೆ. ಪ್ರತಿಯೊಂದಕ್ಕೂ ನಾಲ್ಕು ಚೌಕ: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನ. ಒಂಬತ್ತನೆಯ ತರಗತಿಯ ಆ ಹುಡುಗಿ ಒಂಬತ್ತನೆಯ ಪ್ರಶ್ನೆಗೆ ಮೊದಲು ಕೊನೆಯ ಚೌಕದಲ್ಲಿ ಪೆನ್ಸಿಲ್ ಗೀಟು ಹಾಕಿದ್ದಳು. ಆಮೇಲೆ ಅದನ್ನು ಅಳಿಸಿ ಮೊದಲ ಚೌಕಕ್ಕೆ ಹಾಕಿದ್ದಳು. ಒತ್ತಿ ಹಾಕಿದ ಗೀಟು ಅಳಿಸಿದರೂ ಕಾಗದದಲ್ಲಿ ತಗ್ಗು ಉಳಿದಿತ್ತು.

ಅವಳದು ಸುಂಕಸಾಳದಿಂದ ಆಚೆ, ಹೆದ್ದಾರಿಗೆ ಮುಖಮಾಡಿ ನಿಂತ ಒಂದು ಪ್ರೌಢಶಾಲೆ. ಬುಧವಾರ ನಾನು ಅಲ್ಲಿಗೆ ಹೋಗುವ ದಿನ. ವಿಜ್ಞಾನದ ಸಾಮಾನು ಇಡುವ ಕೋಣೆಯೇ ನನ್ನ ಕಚೇರಿ. ಲಾರಿ ಹೋದಾಗಲೆಲ್ಲ ಕಪಾಟಿನ ಗಾಜಿನ ನಳಿಗೆಗಳು ಕಿಣಿಕಿಣಿ ಅನ್ನುತ್ತವೆ. ಲಾರಿಗಳ ಓಡಾಟ ನಿಲ್ಲುವುದಿಲ್ಲ, ಆದ್ದರಿಂದ ಅವೂ ನಿಲ್ಲುವುದಿಲ್ಲ. ಹುಡುಗಿಯನ್ನು ಕಳಿಸಿದವರು ಅವಳ ತರಗತಿಯ ಶಿಕ್ಷಕಿ. ಅವರಿಗೆ ಅನುಮಾನ ಬಂದದ್ದು ಅಂಕಗಳಿಂದ ಅಲ್ಲ.

“ಅವ್ಳು ತನ್ನ ಸಾಮಾನೆಲ್ಲಾ ಹಂಚ್ತಾ ಅದೆ ಅಕ್ಕೋರೆ,” ಅಂದಿದ್ದರು. “ಕಂಪಾಸ್ ಪೆಟ್ಗೆ ಬೆಂಚಿನ ಗೆಳತಿಗೆ ಕೊಟ್ಟಳು. ಬಣ್ಣದ ಪೆನ್ಸಿಲ್ ಇನ್ನೊಬ್ಬಳಿಗೆ. ಮತ್ತೊಂದು ಹೇಳ್ಲಾ? ರಸ್ತೆ ದಾಟುವಾಗ ಆಚೆ ಈಚೆ ನೋಡುದೇ ಬಿಟ್ಟಿದ್ದು. ತಲೆ ಬಗ್ಸ್ಕಂಡು ಸೀದಾ ಹೋಗುದು. ನಂಗೆ ಎದೆ ಧಸಕ್ ಅಂತದೆ.”

ಈ ವಯಸ್ಸಿನ ಮಕ್ಕಳ ಸಿಡುಕು, ಅಳು, ಬಾಗಿಲು ಧಡ್ಡೆಂದು ಹಾಕಿಕೊಳ್ಳುವುದು ನನಗೆ ದಿನದ ಊಟವಿದ್ದ ಹಾಗೆ. ಮಲ್ಲಾಪುರದಲ್ಲಿ ಅಣುಸ್ಥಾವರದ ನೌಕರರ ವಸತಿಗೃಹಗಳ ತಾಯಂದಿರು ಮಗ ಮೊಬೈಲ್ ಬಿಡುವುದಿಲ್ಲ ಎಂದು ನನ್ನೆದುರು ತಮ್ಮ ಮೊಬೈಲ್ ನೋಡುತ್ತಲೇ ದೂರುತ್ತಾರೆ. ಅದಕ್ಕೆಲ್ಲ ನಾನು ಹೆದರುವುದಿಲ್ಲ. ಬೆಳಿಗ್ಗೆ ಅತ್ತ ಮಗು ಮಧ್ಯಾಹ್ನ ಬಿದ್ದುಬಿದ್ದು ನಗುತ್ತದೆ ಎಂದಾದರೆ ಅದು ವಯಸ್ಸು. ಈ ಹುಡುಗಿಯ ಮುಖದಲ್ಲಿ ಎರಡು ತಿಂಗಳಿಂದ ಏನೂ ಬದಲಾಗಿಲ್ಲ ಎಂದು ಶಿಕ್ಷಕಿ ಹೇಳಿದಾಗ ಮಾತ್ರ ನಾನು ಪೆನ್ನು ಕೆಳಗಿಟ್ಟೆ.

ನೇರವಾಗಿ ಕೇಳಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ಸುಳ್ಳು. ಹಾಳೆಯ ಮೇಲೆ ಬೆರಳಿಟ್ಟು ಕೇಳಿದೆ, “ಇಲ್ಲಿ ಮೊದಲು ಬೇರೆ ಗೀಟು ಹಾಕಿದ್ದೆ. ಸಾಯಬೇಕು ಅಂತ ಅನ್ನಿಸ್ತದಾ?”

ಅವಳು ನಳಿಗೆಗಳ ಕಡೆ ತಿರುಗಿದಳು. “ಪರೀಕ್ಷೆ ಮುಗಿಯುತನ್ಕ ಇರ್ತೆ ಅಕ್ಕೋರೆ,” ಅಂದಳು. “ಅಜ್ಜಿಗೆ ಮಾತು ಕೊಟ್ಟಿದ್ದೆ, ಪರೀಕ್ಷೆ ಬರೀತೆ ಅಂತ.”

ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳು ಅತ್ತು ಹೇಳಿದ್ದನ್ನು ಕೇಳಿದ್ದೇನೆ. ಇವಳು ಬಸ್ಸಿನ ಸಮಯ ಹೇಳುವ ದನಿಯಲ್ಲಿ ಹೇಳಿದಳು. ವಾರ್ಷಿಕ ಪರೀಕ್ಷೆ ಮುಗಿಯಲು ಆಗ ನಾಲ್ಕು ವಾರ ಇತ್ತು.

ಯಾರ ಮಾತನ್ನೂ ಯಾರಿಗೂ ಹೇಳುವುದಿಲ್ಲ, ಆದರೆ ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕು ಎಂದು ಎಲ್ಲ ಮಕ್ಕಳಿಗೂ ಮೊದಲೇ ತಿಳಿಸುತ್ತೇನೆ. ಅವಳಿಗೂ ತಿಳಿಸಿದ್ದೆ. ಆದರೂ ಮನೆಗೆ ಬರುತ್ತೇನೆ ಎಂದಾಗ ಬೇಡವೇ ಬೇಡ ಎಂದು ಕೈ ಹಿಡಿದುಕೊಂಡಳು. ಕಾರವಾರದ ಮಾನಸಿಕ ತಜ್ಞರಿಗೆ ಫೋನ್ ಮಾಡಿದೆ. ನಾಳೆಯೇ ಕರೆತನ್ನಿ ಎಂದರು. ಸಂಜೆ ಶಿಕ್ಷಕಿಯೂ ನಾನೂ ಹುಡುಗಿಯೊಡನೆ ಹೆದ್ದಾರಿ ದಾಟಿ ಅವರ ಮನೆಗೆ ಹೋದೆವು.

ತಾಯಿ ತೋಟದ ಕೂಲಿಗೆ ಹೋಗುವಾಕೆ, ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ತಂದೆ ಕಾರವಾರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಸಣ್ಣ ದೇಹ, ದೊಡ್ಡ ದನಿ, ಸೊಂಟದಲ್ಲಿ ಎಲೆಯಡಿಕೆಯ ಸಂಚಿ. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಇದು ಹಟವಲ್ಲ, ಸೋಂಬೇರಿತನವಲ್ಲ, ಕಾಯಿಲೆ, ಔಷಧವಿದೆ ಎಂದೆ. ಅಷ್ಟರಲ್ಲಿ ತಾಯಿ, “ಯಾವನಾದ್ರೂ ಹುಡ್ಗನ ವಿಷ್ಯವಾ?” ಎಂದು ಪಿಸುಗುಟ್ಟಿದಳು. ಎಲ್ಲ ತಾಯಂದಿರ ಮೊದಲ ಪ್ರಶ್ನೆ ಅದೇ. ಅಲ್ಲ, ಹುಡುಗನೂ ಇಲ್ಲ, ಹೊಡೆದವರೂ ಇಲ್ಲ, ಜ್ವರಕ್ಕೆ ಯಾರ ಮೇಲೆ ತಪ್ಪು ಹೊರಿಸುತ್ತೀರಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ನನಗೆ ಬೇಗ ಸಿಟ್ಟು ಬರುತ್ತದೆ. ಸಿಟ್ಟು ಬರಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಬಂದರೆ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ.

“ನಿಂಗೆ ಸಿಟ್ಟು ಮೂಗಿನ ತುದಿಲೇ ಅದೆ ತಂಗಿ,” ಅಂದಳು ಅಜ್ಜಿ, ಅಡಿಕೆ ಕತ್ತರಿಸುತ್ತಾ. “ಬತ್ತೆವು. ಬರುದಿಲ್ಲ ಅಂತ ಹೇಳ್ಲಿಲ್ಲ. ಆಯ್ತವಾರ ಪ್ರಸಾದ ಕೇಳ್ಕಂಡು ಬತ್ತೆವು. ಪ್ರಸಾದ ಕೇಳ್ದೆ ಈ ಮನೆಲಿ ಯಾರೂ ದೊಡ್ಡ ಆಸ್ಪತ್ರೆ ಮೆಟ್ಲು ಹತ್ತಿದ್ದಿಲ್ಲ.”

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ದೇವಿಯ ಮೂರ್ತಿಯ ಎರಡೂ ಕಡೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಪೂಜೆ ಮಾಡುವ ಗುನಗರು ಮನೆಯವರ ಪ್ರಶ್ನೆಯನ್ನು ಗಟ್ಟಿಯಾಗಿ ದೇವಿಗೆ ಹೇಳುತ್ತಾರೆ. ಎಲ್ಲರೂ ಕೈಮುಗಿದು ಕಾಯುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನನ್ನ ಮದುವೆಗೂ ಕೇಳಿದ್ದಾರೆ, ಈ ಕೆಲಸಕ್ಕೆ ಸೇರುವಾಗಲೂ ಅಮ್ಮ ಕೇಳಿದ್ದಳು. ಎರಡಕ್ಕೂ ಬಲವೇ ಬಿತ್ತು. ನನ್ನ ಅನುಭವದಲ್ಲಿ ಬಹುತೇಕ ಬಲವೇ ಬೀಳುತ್ತಿತ್ತು.

ಆದ್ದರಿಂದ, ನಾಲ್ಕು ದಿನ ತಡವಾದರೂ ಬರುತ್ತಾರಲ್ಲ ಎಂದುಕೊಂಡು ನಾನು ನಕ್ಕು, “ಕೇಳಿ ಅಜ್ಜಿ, ಕೇಳ್ಕೊಂಡೇ ಬನ್ನಿ. ಇವಳನ್ನೂ ಕರ್ಕೊಂಡು ಹೋಗಿ,” ಎಂದುಬಿಟ್ಟೆ. ಮನೆಯವರ ನಂಬಿಕೆಯನ್ನು ಎದುರು ಹಾಕಿಕೊಳ್ಳಬೇಡಿ, ಜೊತೆಗೆ ಸೇರಿಸಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದೂ ತಲೆಯಲ್ಲಿತ್ತು. ಜಾಣತನ ಮಾಡಿದೆ ಎಂದು ಒಳಗೊಳಗೇ ಬೀಗಿಕೊಂಡೆ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬಾರದು ಎಂದು ಹೇಳಿ, ಕೊಟ್ಟಿಗೆಯಲ್ಲಿದ್ದ, ತೋಟಕ್ಕೆ ಹೊಡೆಯುವ ಔಷಧದ ಡಬ್ಬಗಳನ್ನು ಪಕ್ಕದ ಮನೆಗೆ ಸಾಗಿಸಿ ಬೀಗ ಹಾಕಿಸಿದೆ. ಬಸ್ಸು ಹತ್ತಿದೆ.

ಭಾನುವಾರ ಮಧ್ಯಾಹ್ನ ಶಿಕ್ಷಕಿಯ ಫೋನ್ ಬಂತು. “ಎಡ ಬಿತ್ತಂತೆ ಅಕ್ಕೋರೆ.”

ನಾನು ಕಿರುಚಿದೆ. ಪಾಪ, ಆಕೆಯದೇನು ತಪ್ಪು. ಹೂವು ಒಣಗಿದರೆ ಬೀಳುತ್ತದೆ, ಗಾಳಿ ಬಂದರೆ ಬೀಳುತ್ತದೆ, ಅದಕ್ಕೊಂದು ಮಗುವಿನ ಜೀವ ಕಟ್ಟುವುದೇ ಎಂದೆಲ್ಲ ಕೂಗಿದೆ. ಕೂಗುತ್ತಿದ್ದಾಗಲೇ, ಕಟ್ಟಲು ಒಪ್ಪಿದವಳು ನಾನೇ ಎಂಬುದು ನೆನಪಾಯಿತು. ನಾನೇ ಕೇಳಿ ಎಂದಿದ್ದೆ. ಉತ್ತರ ನನಗೆ ಬೇಕಾದಂತೆ ಬರದಿದ್ದಾಗ ಅದು ಬರೀ ಹೂವು ಎಂದರೆ ಆ ಅಜ್ಜಿ ಯಾಕೆ ನಂಬಬೇಕು?

ತಜ್ಞರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಈಗ ಅವಳ ಹತ್ತಿರ ಯಾರಿದ್ದಾರೆ?” ಎಂದಷ್ಟೇ ಕೇಳಿದರು. ತಾಯಿ ಕೂಲಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಇದ್ದಾಳೆ ಎಂದೆ. “ಅದನ್ನು ತಪ್ಪಿಸಬೇಡಿ. ಮತ್ತೆ, ಸಡನ್ನಾಗಿ ಚೆನ್ನಾಗಾದರೆ ನಂಗೆ ಕೂಡಲೇ ಹೇಳಿ,” ಎಂದರು.

ಬುಧವಾರ ಶಾಲೆಯ ಗೇಟಿನಲ್ಲೇ ಶಿಕ್ಷಕಿ ಸಿಕ್ಕಿದರು. ಮುಖ ಅರಳಿತ್ತು. “ನೀವು ಸುಮ್ನೆ ಹೆದರಿದ್ರಿ ಅಕ್ಕೋರೆ. ಮೂರು ದಿನದಿಂದ ಆರಾಮಿದ್ದು. ನಗ್ತದೆ, ಎರಡು ಜಡೆ ಹಾಕ್ಕಂಡು ಬತ್ತದೆ. ದೇವಸ್ಥಾನಕ್ಕೆ ಹೋಗಿ ಬಂದದ್ದು ಒಳ್ಳೇದೇ ಆಯ್ತು.”

ಎರಡು ತಿಂಗಳು ಕುಗ್ಗಿದ್ದ ಮಗು ಯಾವ ಚಿಕಿತ್ಸೆಯೂ ಇಲ್ಲದೆ ಮೂರೇ ದಿನದಲ್ಲಿ ನೆಮ್ಮದಿಯಾಗಿದೆ ಎಂದರೆ ಹಲವು ಸಲ ಅದು ಗುಣವಾದದ್ದಲ್ಲ, ತೀರ್ಮಾನವಾದದ್ದು. ಸಾಮಾನಿನ ಕೋಣೆಯಲ್ಲಿ ಅವಳು ನನ್ನೆದುರು ಕೂತಳು. ನಿಜಕ್ಕೂ ಜಡೆ ಚಂದ ಹಾಕಿದ್ದಳು, ಮುಖದಲ್ಲಿ ಸಣ್ಣ ನಗು ಇತ್ತು. ಆ ನಗು ನನ್ನನ್ನು ಸಮಾಧಾನಪಡಿಸಲು ಹಾಕಿಕೊಂಡದ್ದು.

“ದೇವಸ್ಥಾನದಲ್ಲಿ ಏನಾಯ್ತು?” ಎಂದೆ.

“ಎಡ ಬಿತ್ತು.”

“ಅದು ಗೊತ್ತು. ನೀನು ಅಲ್ಲಿ ಏನು ಮಾಡ್ತಿದ್ದೆ?”

“ಅವ್ರೆಲ್ಲ ಕಾರವಾರದ್ದು ಕೇಳ್ತಿದ್ರು. ನಾ ಮನಸಲ್ಲೇ ನಂದು ಕೇಳ್ದೆ.”

“ಏನಂತ?”

“ನಾ ಇರ್ಬೇಕಾ ಅಂತ.”

ಲಾರಿಯೊಂದು ಹೋಯಿತು, ನಳಿಗೆಗಳು ಕಿಣಿಗುಟ್ಟಿದವು. ಅವಳು ಮುಂದುವರಿದು, “ಎಡ ಬಿದ್ದ ಮೇಲೆ ಒಳಗೆ ಹಗುರ ಆಯ್ತು ಅಕ್ಕೋರೆ. ಇನ್ನು ಯಾರನ್ನೂ ಕೇಳುದು ಇಲ್ಲ ಅಲ್ಲ,” ಅಂದಳು.

ನಾನು ಅಜ್ಜಿಯ ಪ್ರಶ್ನೆಯನ್ನು ಯೋಚಿಸಿದ್ದೆ, ಗುನಗರ ಬಾಯಿಂದ ಅದು ಹೇಗೆ ಹೊರಡಬಹುದು ಎಂದು ಯೋಚಿಸಿದ್ದೆ, ಬಲ ಬಿದ್ದರೆ ಯಾವ ಬಸ್ಸಿಗೆ ಹೊರಡಬೇಕು ಎಂದೂ ಯೋಚಿಸಿದ್ದೆ. ಕೈಮುಗಿದು ನಿಂತ ಹುಡುಗಿಯೂ ಏನಾದರೂ ಕೇಳಬಹುದು ಎಂದು ಹೊಳೆದಿರಲಿಲ್ಲ. ನಾನೂ ಚಿಕ್ಕವಳಿದ್ದಾಗ ಅಮ್ಮ ಬೇರೆ ಏನೋ ಕೇಳುವಾಗ ಪಕ್ಕದಲ್ಲಿ ನಿಂತು ಗಣಿತದಲ್ಲಿ ಪಾಸಾಗುತ್ತೇನಾ ಎಂದು ಮನಸ್ಸಿನಲ್ಲೇ ಕೇಳಿದವಳು. ಹಾಗೆ ಕೇಳದ ಮಗು ನಮ್ಮ ಕಡೆ ಇದೆಯೇ? ಗೊತ್ತಿದ್ದೂ ಮರೆತಿದ್ದೆ.

ಈಗ ಏನು ಮಾಡಬೇಕು? ಅದು ಬರೀ ಹೂವು ಎಂದು ಹೇಳಿದರೆ ಅವಳು ತಲೆಯಾಡಿಸುತ್ತಾಳೆ, ನಂಬುವುದಿಲ್ಲ. ಮತ್ತೊಮ್ಮೆ ಕೇಳಿಸೋಣ ಎಂದರೆ ಮತ್ತೊಮ್ಮೆ ಎಡ ಬಿದ್ದರೆ? ಇನ್ನೊಂದು ಸಲ ಜಾಣತನ ಮಾಡುವ ಧೈರ್ಯ ನನಗಿರಲಿಲ್ಲ. ತಜ್ಞರಿಗೆ ಫೋನ್ ಹಚ್ಚಿದೆ. ನಾಳೆ ಬೆಳಿಗ್ಗೆ ಕರೆತರಲೇಬೇಕು, ಮನೆಯವರು ಒಪ್ಪದಿದ್ದರೆ ಇವತ್ತೇ ತಿಳಿಸಿ, ನಾನೇ ಅಲ್ಲಿಗೆ ಬರುತ್ತೇನೆ ಎಂದರು. ಮನೆಯವರು ಒಪ್ಪಬೇಕಾದರೆ ಈ ಹುಡುಗಿ ದೇವಿಯ ಎದುರು ಮನಸ್ಸಿನಲ್ಲಿ ಆಡಿದ ಮಾತನ್ನು ನಾನು ಅಜ್ಜಿಗೆ ಹೇಳಬೇಕಿತ್ತು. ಅವಳು ಅದನ್ನು ತಾಯಿಗೂ ಹೇಳಿರಲಿಲ್ಲ.

“ನೀ ಕೇಳಿದ್ದು ಏನು ಅಂತ ಅಜ್ಜಿಗೆ ಹೇಳ್ತೇನೆ,” ಎಂದೆ. “ನಿನ್ನ ಬೆನ್ನ ಹಿಂದೆ ಹೇಳೂದಿಲ್ಲ. ನಿನ್ನ ಎದುರಿಗೇ ಹೇಳ್ತೇನೆ.”

ಅವಳ ನಗು ಹೋಯಿತು. “ನಿಮ್ಮನ್ನು ನಂಬಿ ಹೇಳ್ದೆ ನಾ,” ಅಂದಳು. ಸಂಜೆ ಅವಳೊಡನೆ ಮನೆಗೆ ಹೊರಟೆ. ಹೆದ್ದಾರಿಯ ಹತ್ತಿರ ನಾನು ಅವಳ ತೋಳು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ರಸ್ತೆಯನ್ನು ನೋಡಲೂ ಇಲ್ಲ.

ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಕೈಯೆತ್ತಿ, “ಬೈಯುಕೆ ಬಂದ್ಯಾ? ಬೈ. ಆದ್ರೆ ದೇವಿ ಮಾತು ಮೀರುಕೆ ನನ್ನ ಹತ್ರ ಆಗುದಿಲ್ಲ,” ಅಂದಳು. ನಾನು ಬೈಯಲಿಲ್ಲ. ನೆಲದ ಮೇಲೆ ಅವಳೆದುರು ಕೂತು, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾಯಿಯನ್ನೂ ಒಳಗಿನಿಂದ ಕರೆದು, ಕೇಳಿದ ಮಾತನ್ನು ಕೇಳಿದ ಹಾಗೇ ಹೇಳಿದೆ. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ.

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜಿಯ ಕೈಯಲ್ಲಿದ್ದ ಅಡಕತ್ತರಿ ಹಾಗೇ ನಿಂತಿತು. ಅಜ್ಜಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಮುಗಿಯಿತು ಎಂದುಕೊಂಡೆ.

“ಕೂಸೇ, ಹೌದಾ?” ಅಂದಳು ಕೊನೆಗೆ. ಹುಡುಗಿ ತಲೆ ತಗ್ಗಿಸಿದಳು.

“ಗುನಗರು ಕೇಳು ಹೊತ್ತಿಗೇ ಕೇಳಿದ್ಯಾ?”

“ಹೂಂ.”

ಅಜ್ಜಿ ನನ್ನ ಕಡೆ ತಿರುಗಿದಳು. ದನಿ ಸಣ್ಣದಾಗಿತ್ತು. “ಒಂದು ಸಲಕ್ಕೆ ಒಂದೇ ಮಾತು ಕೇಳುದು ತಂಗಿ. ಎರಡು ಮಾತು ಒಟ್ಟಿಗೆ ಹೋದ್ರೆ ದೇವಿ ಯಾವ್ದಕ್ಕೆ ಹೇಳುದು? ಆ ಪ್ರಸಾದ ಲೆಕ್ಕಕ್ಕಿಲ್ಲ. ನಮ್ದೂ ಇಲ್ಲ, ಇವ್ಳದೂ ಇಲ್ಲ.” ಮತ್ತೆ ಮೊಮ್ಮಗಳ ಗಲ್ಲ ಹಿಡಿದೆತ್ತಿದಳು. “ನೀ ಕೇಳಿದ್ದು ಕೇಳು ಮಾತೇ ಅಲ್ಲ. ನೀ ಹೊಟ್ಟೆಲಿದ್ದಾಗ ಡಾಕ್ಟ್ರು ಕೈ ಬಿಟ್ಟಿದ್ರು. ಅವತ್ತು ನಾ ಕೇಳಿದ್ದೆ, ಈ ಪಿಂಡ ಉಳಿತದಾ ಅಂತ. ಬಲ ಬಿತ್ತು. ಒಂದ್ಸಲ ಕೊಟ್ಟದ್ದನ್ನ ಇರ್ಲಾ ಬೇಡ್ವಾ ಅಂತ ಮತ್ತೆ ಕೇಳುಕೆ ನೀ ಯಾರೆ?”

ಹುಡುಗಿ ಅಳಲು ಶುರುಮಾಡಿದ್ದು ಆಗ. ಮೂರು ದಿನದ ಆ ಹಗುರ ಮುರಿದು ಬಿತ್ತು. ಅಳು ನೋಡಲು ಭಯವಾಗುವಂತಿತ್ತು, ಆದರೂ ನಗುವಿಗಿಂತ ವಾಸಿ ಎಂದುಕೊಂಡೆ.

ಅಜ್ಜಿ ದೇವರ ಮುಂದೆ ಒಂದು ತೆಂಗಿನಕಾಯಿ ಇಟ್ಟು ಬಂದಳು. “ನಾ ಹೇಳಿದ್ದು ತಪ್ಪಾದ್ರೆ ನಂಗೆ ಆಗ್ಲಿ,” ಅಂದಳು. ಜೀವನದಲ್ಲಿ ಮೊದಲ ಸಲ ಪ್ರಸಾದ ಕೇಳದೆ ದೊಡ್ಡ ಆಸ್ಪತ್ರೆಗೆ ಹೊರಡಲು ಒಪ್ಪಿದಳು.

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ಅಜ್ಜಿ ಅಂಕೋಲೆ ದಾಟುವುದರೊಳಗೆ ಎರಡು ಸಲ ವಾಂತಿ ಮಾಡಿ, ಕಾಯಿಲೆಯವಳನ್ನು ಕರ್ಕಂಡು ಹೋಗುಕೆ ಬಂದು ತಾನೇ ಕಾಯಿಲೆ ಬಿದ್ದೆ ಎಂದು ತನ್ನನ್ನೇ ಬೈದುಕೊಂಡಳು. ತಜ್ಞರು ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ನಡುಮಧ್ಯೆ ತಾಯಿಯನ್ನು, ಕೊನೆಗೆ ಎಲ್ಲರನ್ನೂ ಕರೆದರು. ಮೊದಲು ಸಣ್ಣ ಪ್ರಮಾಣದಲ್ಲಿ ಮಾತ್ರೆ, ವಾರಕ್ಕೊಮ್ಮೆ ಮಾತುಕತೆ. ಮಾತ್ರೆ ಕೆಲಸ ಮಾಡಲು ವಾರಗಳು ಬೇಕು, ಶುರುವಿನ ದಿನಗಳಲ್ಲೇ ಹೆಚ್ಚು ಕಣ್ಣಿಡಬೇಕು ಎಂದರು. ಮಾತ್ರೆಗಳು ಅಜ್ಜಿಯ ಎಲೆಯಡಿಕೆ ಸಂಚಿ ಸೇರಿದವು. ಮನಸ್ಸು ಕೆಟ್ಟಾಗ ಯಾರ ಹತ್ತಿರ ಹೋಗುತ್ತೀ ಎಂದು ಪಟ್ಟಿ ಬರೆಸಿದೆವು. ಮೂರು ಹೆಸರು ಬರೆದಳು. ನನ್ನದು ಇರಲಿಲ್ಲ.

ಎರಡು ಬುಧವಾರ ಅವಳು ನನ್ನೊಡನೆ ಮಾತಾಡಲಿಲ್ಲ. ಬಂದು ಕೂತು, ಹಾಳೆ ತುಂಬಿ, ಎದ್ದು ಹೋಗುತ್ತಿದ್ದಳು. ಒಂಬತ್ತನೆಯ ಪ್ರಶ್ನೆಗೆ ಎರಡೂ ಸಲ ಕೊನೆಯ ಚೌಕ, ಅಳಿಸದೆ. ನನಗೆ ಅಷ್ಟಾದರೂ ಸಾಕಿತ್ತು, ನಿಜ ಬರೆಯುತ್ತಿದ್ದಳಲ್ಲ. ತಾಯಿ ದಿನವೂ ರಸ್ತೆ ದಾಟಿಸಿ ಬಿಟ್ಟು, ಕರೆದುಕೊಂಡು ಹೋಗುತ್ತಿದ್ದಳು. ಪರೀಕ್ಷೆ ಶುರುವಾಯಿತು. ಶಿಕ್ಷಕಿ ಪ್ರತಿದಿನ ಫೋನ್ ಮಾಡಿ, ಬರೆದಳು, ಹೋದಳು ಎಂದು ಎರಡೇ ಪದ ಹೇಳುತ್ತಿದ್ದರು. ಮುಗಿಯುತನ್ಕ ಇರ್ತೆ ಎಂದಿದ್ದಳಲ್ಲ, ಆ ಮಾತು ಅನ್ನ ಕಲಸುವಾಗಲೂ ನನ್ನ ಕಿವಿಯಲ್ಲಿ ಇರುತ್ತಿತ್ತು.

ಕೊನೆಯ ಪರೀಕ್ಷೆಯ ದಿನ ನನಗೆ ಮಲ್ಲಾಪುರದಲ್ಲಿ ಕೆಲಸವಿತ್ತು. ಬರುವುದಿಲ್ಲ ಎಂದು ಹೇಳಿ ಬೈಸಿಕೊಂಡು ಸುಂಕಸಾಳದ ಬಸ್ಸು ಹತ್ತಿದೆ. ಗೇಟಿನ ಎದುರು, ಹೆದ್ದಾರಿಯ ಆಚೆ ಬದಿಯಲ್ಲಿ ತಾಯಿ ಮತ್ತು ಅಜ್ಜಿ ನಿಂತಿದ್ದರು. ನಾನು ಗೇಟಿನ ಬಳಿ ನಿಂತೆ. ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಓಡಿಬಂದರು, ಒಬ್ಬರ ಮೇಲೊಬ್ಬರು ಶಾಯಿ ಚೆಲ್ಲಿಕೊಂಡರು. ಎಲ್ಲರೂ ಬಂದರು. ಅವಳು ಬರಲಿಲ್ಲ. ಮೈದಾನ ಖಾಲಿಯಾಯಿತು. ಅಜ್ಜಿ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಒಳಗೆ ಓಡಿದೆ.

ತರಗತಿಯ ಬಾಗಿಲಲ್ಲೇ ದನಿ ಕೇಳಿತು, ಜಗಳದ ದನಿ.

“ಪೆಟ್ಗೆ ವಾಪಸ್ ಕೊಟ್ಟೆ ನೀ, ಒಳಗಿನ ಕೋನಮಾಪಕ ಎಲ್ಲಿ?”

“ಮನೆಲಿ ಅದೆ ಮಾರಾಯ್ತಿ. ಪರೀಕ್ಷೆ ಮುಗೀತಲ್ಲ, ಈಗ ಎಂತಕ್ಕೆ ಅದು?” ಬೆಂಚಿನ ಗೆಳತಿ ರೇಗುತ್ತಿದ್ದಳು.

“ಎಂತಕ್ಕೆ ಅಂದ್ರೆ? ಮುಂದಿನ ವರ್ಷ ಬೇಕಲ್ಲ ನಂಗೆ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳು ನನ್ನನ್ನು ನೋಡಿದಳು. ಕಂಪಾಸ್ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಹಾಳೆ ತುಂಬಿಸಲು ನಾನೂ ಕೇಳಲಿಲ್ಲ. ಕೇಳಿದ್ದರೆ ಒಂಬತ್ತನೆಯದಕ್ಕೆ ಆ ದಿನವೂ ಮೊದಲ ಚೌಕ ಸಿಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಇನ್ನೂ ಎಷ್ಟೋ ತಿಂಗಳು ಸಿಗುವುದಿಲ್ಲ.

ಗೇಟಿನವರೆಗೆ ಅವಳ ಹಿಂದೆ ಹೋದೆ, ತೋಳು ಹಿಡಿಯಲಿಲ್ಲ. ಆಚೆ ಬದಿಯಿಂದ ತಾಯಿ ದಾಟಿ ಬರಲು ಹೊರಟವಳನ್ನು ಅಜ್ಜಿ ಸೆರಗು ಹಿಡಿದು ನಿಲ್ಲಿಸಿದಳು. ಹುಡುಗಿ ರಸ್ತೆಯ ಅಂಚಿಗೆ ಬಂದು ನಿಂತಳು. ತಲೆ ಎತ್ತಿ ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಯಲ್ಲಾಪುರದ ಕಡೆಯಿಂದ ಒಂದು ಲಾರಿ ಇಳಿದು ಬರುತ್ತಿತ್ತು. ಅದು ಹೋಗುವವರೆಗೂ ಕಾದು, ಆಮೇಲೆ ದಾಟಿದಳು.